ಸೋಪಿಗೆ ಹ್ಯಾಂಡ್ ಬ್ಲೆಂಡರ್ ತಗೊಳ್ಳೋ ಮುಂಚೆ ತಲೆಕೆಳಗೆ ಮಾಡಿ ನೋಡಿ

ಮನೇಲಿ ಕಾಸ್ಟಿಕ್ ಸೋಡಾ ಹಾಕಿ ಸೋಪ್ ಮಾಡೋರು ದಯವಿಟ್ಟು ಇದನ್ನ ಓದಿ. "ಫುಲ್ ಸ್ಟೀಲ್" ಅಂತ ಹಾಕಿದ್ದ ಹ್ಯಾಂಡ್ ಬ್ಲೆಂಡರ್ ಆನ್‌ಲೈನಲ್ಲಿ ತರಿಸಿದ್ದೆ, ಕೋಲು ಸ್ಟೀಲೇ, ಬ್ಲೇಡೂ ಸ್ಟೀಲೇ, ಆದ್ರೆ ಬ್ಲೇಡ್ ಸುತ್ತ ಗಂಟೆ ಥರ ಇರುತ್ತಲ್ಲ ಅದು ಮಾತ್ರ ಅಲ್ಯುಮಿನಿಯಂ, ಪಾಲಿಶ್ ಹೊಡೆದು ಗೊತ್ತಾಗದ ಹಾಗೆ ಮಾಡಿದಾರೆ. ಕೊಬ್ಬರಿ ಎಣ್ಣೆ, ಹರಳೆಣ್ಣೆಗೆ ಲೈ ನೀರು (ಕಾಸ್ಟಿಕ್ ಸೋಡಾ ಕರಗಿಸಿದ ನೀರು) ಸೇರಿಸಿ ಬ್ಲೆಂಡರ್ ಇಳಿಸಿದ್ದೇ ತಡ ಬುಸುಬುಸು ಗುಳ್ಳೆ, ಬೆಳ್ಳಗಿರಬೇಕಾದ್ದು ಬೂದಿ ಬಣ್ಣಕ್ಕೆ ತಿರುಗ್ತು. ಇಡೀ ಬ್ಯಾಚ್ ಹೋಯ್ತು. ಮಾರಿದೋರು "ಇದು ಅಡುಗೆಗೆ, ಕೆಮಿಕಲ್‌ಗಲ್ಲ" ಅಂತ ವಾಪಸ್ ತಗೊಳ್ಲಿಲ್ಲ. ಅಡುಗೆಗೇ ಆಗ್ಲಿ, ಸ್ಟೀಲ್ ಅಂತ ಬರೆದ ಮೇಲೆ ಸ್ಟೀಲೇ ಇರ್ಬೇಕಲ್ವಾ!

ದುಡ್ಡಿಗಿಂತ ಭಯ ಆಗಿದ್ದು ಬೇರೆ ವಿಷಯಕ್ಕೆ. ಕಾಸ್ಟಿಕ್ ಸೋಡಾ ಅಲ್ಯುಮಿನಿಯಂನ ತಿನ್ನುವಾಗ ಹೈಡ್ರೋಜನ್ ಬರುತ್ತೆ, ಬೆಂಕಿ ಹತ್ತೋ ಗ್ಯಾಸ್ ಅದು, ಜೊತೆಗೆ ಬಿಸಿನೂ ಏರುತ್ತೆ. ನಮ್ಮಲ್ಲಿ ಎಷ್ಟು ಜನ ಒಲೆ ಪಕ್ಕದಲ್ಲೇ ಸೋಪ್ ಕಲಸ್ತೀವಿ ಯೋಚನೆ ಮಾಡಿ.

ಮ್ಯಾಗ್ನೆಟ್ ಹಿಡಿದು ನೋಡಿ ಅಂತ ಹೇಳ್ತಾರೆ, ನಂಬಬೇಡಿ. ಪಾತ್ರೆಗೆ ಬಳಸೋ 304 ಸ್ಟೀಲಿಗೂ ಮ್ಯಾಗ್ನೆಟ್ ಸರಿಯಾಗಿ ಅಂಟಲ್ಲ, ಅಲ್ಯುಮಿನಿಯಂಗಂತೂ ಅಂಟೋದೇ ಇಲ್ಲ, ಇನ್ನೇನು ಗೊತ್ತಾಗುತ್ತೆ? ಅಂಗಡೀಲೇ ಕೈಯಲ್ಲಿ ಹಿಡಿದು, ಗಂಟೆ ಭಾಗ ಯಾವ ಲೋಹ ಅಂತ ಬಾಯಿಬಿಟ್ಟು ಕೇಳಿ, ಬಿಲ್ಲಲ್ಲಿ ಬರೆಸ್ಕೊಳ್ಳಿ. ಅನುಮಾನ ಇದ್ರೆ ಪ್ಲಾಸ್ಟಿಕ್ ಕೋಲಿನದ್ದೇ ವಾಸಿ. ಕೋಲು ಬಿಚ್ಚೋಕೆ ಬರೋದೇ ತಗೊಳ್ಳಿ, ಇಲ್ದಿದ್ರೆ ತೊಳೆಯುವಾಗ ಮೋಟರಿಗೆ ನೀರು ಹೋಗುತ್ತೆ.

ಇನ್ನೊಂದು, ಬ್ಲೇಡ್ ಹತ್ರ ಇರೋ ಸೀಲ್. ಅದು ಸವೆದ್ರೆ ಸೋಪ್ ಕೋಲಿನ ಒಳಗೆ ಏರುತ್ತೆ, ಆಮೇಲೆ ಕಪ್ಪು ಗ್ರೀಸ್ ತೊಟ್ಟಿಕ್ಕುತ್ತೆ, ಹಂಗಾದ್ರೆ ಆ ಕೋಲು ಮುಗೀತು ಅಂತ್ಲೇ. ಕೆಲಸ ಆದ ತಕ್ಷಣ ಗ್ಲೌಸ್ ಹಾಕ್ಕೊಂಡೇ, ಪ್ಲಗ್ ಕಿತ್ತು, ಪೇಪರಲ್ಲಿ ಒರೆಸಿ, ಆಮೇಲೆ ಮತ್ತೆ ಪ್ಲಗ್ ಹಾಕಿ ಬಿಸಿನೀರಿನ ಮಗ್‌ನಲ್ಲಿ ಸ್ವಲ್ಪ ಹೊತ್ತು ಓಡಿಸಿ.

ಸೋಪ್ ಕಲಸುವಾಗ ಬ್ಲೆಂಡರ್ ಇಳಿಸಿ, ಆನ್ ಮಾಡೋ ಮುಂಚೆ ಓರೆ ಮಾಡಿ ಗಂಟೆ ಭಾಗದ ಒಳಗಿನ ಗಾಳಿ ಬಿಡಿಸಿ. ಒಂದೇ ಸಮ ಓಡಿಸಬೇಡಿ, ಕೆಲವು ಸೆಕೆಂಡ್ ಓಡಿಸಿ ನಿಲ್ಸಿ ಕೈಲಿ ತಿರುವಿ, ಮೋಟರೂ ಸುಡಲ್ಲ, ಟ್ರೇಸ್ (ಮಿಶ್ರಣ ಗಟ್ಟಿಯಾಗ್ತಾ ಬರೋ ಹಂತ) ಕೂಡ ಕೈಮೀರಲ್ಲ. ಓಡ್ತಿರುವಾಗ ಮಾತ್ರ ಮೇಲೆತ್ತಲೇಬೇಡಿ, ಲೈ ಸೀದಾ ಕಣ್ಣಿಗೆ ಹಾರುತ್ತೆ, ಸೇಫ್ಟಿ ಕನ್ನಡಕ ಹಾಕ್ಕೊಂಡೇ ಇರಿ. ಮತ್ತೆ ಸೋಪಿಗೆ ಬಳಸಿದ್ದನ್ನ ಮಜ್ಜಿಗೆಗೋ ಸೂಪಿಗೋ ಯಾರೂ ಹಾಕದ ಹಾಗೆ ಹಿಡಿಗೆ ಕೆಂಪು ಟೇಪ್ ಸುತ್ತಿ ಅಡುಗೆಮನೆಯಿಂದ ಆಚೆ ಇಡಿ.