ನೆಲವೇ ಡೊಂಕಾಗಿತ್ತು: ಚಿತ್ರದುರ್ಗದ ಬಂಡೆಯ ಮುಂದೆ ಮೂರು ಜಲವರ್ಣ ಕಾಗದಗಳು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ಜಲವರ್ಣ ಕಲಿಯುತ್ತಿರುವವರಿಗೆ ಹೇಳುವ ಮುನ್ನ ಅವರ ಕೈಯಲ್ಲಿರುವ ಕಾಗದವನ್ನು ಒಮ್ಮೆ ಮುಟ್ಟಿ ನೋಡುವುದು ಒಳ್ಳೆಯದು. ನಾಲ್ಕು ವರ್ಷ ನಾನು ಈ ಗಾದೆಯನ್ನು ನನಗೇ ಹೇಳಿಕೊಂಡೆ. ವಾಶ್, ಅಂದರೆ ನೀರಾಗಿ ಕಲಸಿದ ಬಣ್ಣವನ್ನು ಅಗಲವಾಗಿ ಹರಡಿದ ಪದರ, ಪಟ್ಟೆಪಟ್ಟೆಯಾದರೆ ಕೈ ಸರಿಯಿಲ್ಲ, ಬಣ್ಣ ರಾಡಿಯಾದರೆ ಕಣ್ಣು ಸರಿಯಿಲ್ಲ, ಆಕಾಶದ ನಡುವೆ ಹೂಕೋಸಿನಂಥ ಕಲೆ ಎದ್ದರೆ ತಾಳ್ಮೆ ಸಾಲದು ಎಂದು ನಂಬಿದ್ದೆ. ಈ ಬೇಸಿಗೆಯಲ್ಲಿ ದಾವಣಗೆರೆಯಲ್ಲಿ ಮೂರು ಜಾತಿಯ ಕಾಗದ ಕೊಂಡು, ಚಿತ್ರದುರ್ಗದ ಕೋಟೆಯ ಒಂದೇ ಬಂಡೆಯನ್ನು ಒಂದೇ ಕುಂಚದಿಂದ, ಅವೇ ಮೂರು ಬಣ್ಣಗಳಿಂದ, ಮೂರು ಬೆಳಿಗ್ಗೆ ಚಿತ್ರಿಸಿದ ಮೇಲೆ ನೆಲ ನಿಜಕ್ಕೂ ಡೊಂಕಾಗಿತ್ತು ಎಂದು ಹೇಳುವ ಧೈರ್ಯ ಬಂದಿದೆ.

ಈ ವಿಮರ್ಶೆಯಲ್ಲಿ ಕಂಪನಿಗಳ ಹೆಸರು ಬರುವುದಿಲ್ಲ. ಒಂದೇ ಕಂಪನಿ ಒಂದೇ ಬಗೆಯ ಹೊದಿಕೆಯಲ್ಲಿ ಮರದ ತಿರುಳಿನ ಕಾಗದವನ್ನೂ ಅಪ್ಪಟ ಹತ್ತಿಯ ಕಾಗದವನ್ನೂ ಮಾರುತ್ತದೆ. ಹೆಸರು ನಂಬಿ ಹೋದವನು ಅಗ್ಗದ್ದನ್ನು ಹಿಡಿದುಕೊಂಡು, ದೊಡ್ಡ ಕಂಪನಿಯ ಕಾಗದವೇ ಹೀಗಾದರೆ ದೋಷ ತನ್ನದೇ ಇರಬೇಕು ಎಂದುಕೊಂಡು ಮನೆಗೆ ಬರುತ್ತಾನೆ. ನೋಡಬೇಕಾದದ್ದು ಕಾಗದದ ಜಾತಿ.

ನಾನು ಕೊಂಡದ್ದು ಇವು. ಮೊದಲನೆಯದು ಶಾಲೆಯ ಚಿತ್ರಕಲಾ ಪರೀಕ್ಷೆಗೆ ಬಳಸುವ ಕಾರ್ಟ್ರಿಜ್ ಹಾಳೆ, ಒಂದಕ್ಕೆ 8 ರೂಪಾಯಿ. ಎರಡನೆಯದು ಮರದ ತಿರುಳಿನ, ಹನ್ನೆರಡು ಹಾಳೆಗಳ ಎ4 ಪ್ಯಾಡ್; ಮೇಲೆ ದೊಡ್ಡದಾಗಿ ಜಲವರ್ಣಕ್ಕೆಂದೂ 300 ಜಿ.ಎಸ್.ಎಂ. ಎಂದೂ ಅಚ್ಚಾಗಿತ್ತು, ಬೆಲೆ 360 ರೂಪಾಯಿ. ಮೂರನೆಯದು ನೂರಕ್ಕೆ ನೂರು ಹತ್ತಿಯ, ಕೋಲ್ಡ್ ಪ್ರೆಸ್ ಎನ್ನುವ ತುಸು ತರಿತರಿ ಮೈಯ, 56 ಸೆಂ.ಮೀ. ಅಗಲ 76 ಸೆಂ.ಮೀ. ಉದ್ದದ ಪೂರ್ಣ ಹಾಳೆ. ಅದೂ 300 ಜಿ.ಎಸ್.ಎಂ., ಬೆಲೆ 480 ರೂಪಾಯಿ. ಒಂದು ಹಾಳೆಗೆ 480 ಎಂದಾಗ ನನ್ನ ಜೊತೆ ಬಂದಿದ್ದ ತಮ್ಮ ಅಂಗಡಿಯವರ ಮುಂದೆಯೇ, ಅಷ್ಟು ದುಡ್ಡಿಗೆ ಮನೆಮಂದಿಯೆಲ್ಲ ಬೆಣ್ಣೆದೋಸೆ ತಿನ್ನಬಹುದಿತ್ತು ಎಂದ. ಅವನ ಲೆಕ್ಕ ತಪ್ಪೇನಲ್ಲ. ಆದರೆ ನನ್ನ ಲೆಕ್ಕವೂ ಇದೆ, ಮುಂದೆ ಹೇಳುತ್ತೇನೆ.

ಅಂಗಡಿಯ ಬಗ್ಗೆ ಒಂದು ಮಾತು. ಅದು ಮೂಲತಃ ಪುಸ್ತಕ ಮತ್ತು ಲೇಖನ ಸಾಮಗ್ರಿಯ ಮಳಿಗೆ. ಹಿಂದಿನ ಗೋಡೆಯ ಎರಡು ಕಪಾಟು ಮಾತ್ರ ಚಿತ್ರಕಾರರಿಗೆ ಮೀಸಲು. ಊರಿನಲ್ಲಿ ದೃಶ್ಯಕಲಾ ಮಹಾವಿದ್ಯಾಲಯ ಇರುವುದರಿಂದ ಹತ್ತಿಯ ಹಾಳೆ ಕೇಳುವ ವಿದ್ಯಾರ್ಥಿಗಳು ಇದ್ದಾರೆಂದೂ, ಇಲ್ಲದಿದ್ದರೆ ತರಿಸುವ ಗೋಜಿಗೇ ಹೋಗುತ್ತಿರಲಿಲ್ಲವೆಂದೂ ಮಾಲೀಕರು ಹೇಳಿದರು. ಅವರು ಮಾಡಿದ ಒಂದು ಕೆಲಸ ನನಗೆ ಬಹಳ ಇಷ್ಟವಾಯಿತು. ಎರಡು ಬಗೆಯ ಕಾಗದಗಳ ಕತ್ತರಿಸಿ ಉಳಿದ ಅಂಚುಗಳನ್ನು ಮೇಜಿನ ಮೇಲಿಟ್ಟು, ತಾವು ಕುಡಿಯುತ್ತಿದ್ದ ನೀರಿನ ಬಾಟಲಿಯಿಂದಲೇ ಒಂದೊಂದು ಹನಿ ಬಿಟ್ಟರು. ಮರದ ತಿರುಳಿನ ಕಾಗದದ ಮೇಲೆ ಹನಿ ಕೆಸುವಿನ ಎಲೆಯ ಮೇಲೆ ಕುಳಿತಂತೆ ಕುಳಿತಿತು. ಹತ್ತಿಯ ಕಾಗದದ ಮೇಲೂ ಮೊದಲಿಗೆ ಹಾಗೆಯೇ ಕುಳಿತ ಹನಿ, ನಾವು ನೋಡುತ್ತಿದ್ದಂತೆಯೇ ನಿಧಾನವಾಗಿ ಚಪ್ಪಟೆಯಾಗಿ ಒಳಕ್ಕೆ ಇಳಿಯಿತು. ಕೊರತೆಯನ್ನೂ ಹೇಳಬೇಕು: ಹಾಳೆಗಳನ್ನು ಸುರುಳಿ ಸುತ್ತಿ ಕೊಡುತ್ತಾರೆ. ದಪ್ಪ ಹಾಳೆ ಸುರುಳಿಯಾದರೆ ಮನೆಯಲ್ಲಿ ಎರಡು ದಿನ ನಿಘಂಟಿನ ಕೆಳಗೆ ಮಲಗಿಸಬೇಕಾಗುತ್ತದೆ. ಅಲ್ಲಿಯೇ ಕತ್ತರಿಸಿ ಕೊಡಿ ಎಂದು ಕೇಳಿ.

300 ಜಿ.ಎಸ್.ಎಂ. ಎಂಬುದು ಒಂದು ಚದರ ಮೀಟರ್ ಕಾಗದದ ತೂಕ 300 ಗ್ರಾಂ ಎಂಬುದನ್ನಷ್ಟೇ ಹೇಳುತ್ತದೆ, ಗುಣವನ್ನಲ್ಲ. ಹಾಗೆಯೇ ಪ್ಯಾಡಿನ ಮೇಲೆ ‘ವುಡ್ ಫ್ರೀ’ ಎಂದು ಬರೆದಿರುವುದನ್ನು ಓದಿ ಹತ್ತಿಯದೆಂದು ತಿಳಿಯುವವರಿದ್ದಾರೆ. ಮೊದಲ ವರ್ಷ ನಾನೂ ಹಾಗೆಯೇ ತಿಳಿದಿದ್ದೆ. ಮರದ ತಿರುಳನ್ನು ರಾಸಾಯನಿಕಗಳಿಂದ ಬೇಯಿಸಿ, ಕಾಗದವನ್ನು ಹಳದಿಯಾಗಿಸುವ ಲಿಗ್ನಿನ್ ಅಂಶವನ್ನು ತೆಗೆದು ಮಾಡಿದ ಕಾಗದಕ್ಕೂ ಅದೇ ಹೆಸರು. ‘ಆ್ಯಸಿಡ್ ಫ್ರೀ’ ಎಂದರೆ ಕಾಗದ ಬೇಗ ಹಾಳಾಗುವುದಿಲ್ಲ ಎಂದಷ್ಟೇ ಅರ್ಥ. ಹತ್ತಿ ಎಂಬ ಶಬ್ದವೂ ಪಕ್ಕದಲ್ಲಿ ನೂರು ಎಂಬ ಅಂಕಿಯೂ ಇಲ್ಲದಿದ್ದರೆ ಅದು ಅಪ್ಪಟ ಹತ್ತಿಯದಲ್ಲ ಎಂದೇ ಲೆಕ್ಕ. ಅರಳೆ ಬಿಡಿಸಿದ ಮೇಲೆ ಬೀಜಕ್ಕೆ ಅಂಟಿಕೊಂಡು ಉಳಿಯುವ ಗಿಡ್ಡ ಎಳೆಗಳಿಂದಲೂ ಇಂಥ ಕಾಗದವನ್ನು ತಯಾರಿಸುತ್ತಾರೆ. ಒಂದು ಕಾಲಕ್ಕೆ ಹತ್ತಿಯ ಗಿರಣಿಗಳಿಂದಲೇ ಹೆಸರಾಗಿದ್ದ ದಾವಣಗೆರೆಯಲ್ಲಿ ನಿಂತು ಹೊರದೇಶದ ಹತ್ತಿಯ ಕಾಗದಕ್ಕೆ 480 ರೂಪಾಯಿ ಎಣಿಸಿ ಕೊಡುವಾಗ ಮನಸ್ಸಿಗೆ ಸ್ವಲ್ಪ ಕಸಿವಿಸಿಯಾಯಿತು.

ಇನ್ನು ಬಂಡೆ. ಗೋಪಾಲಸ್ವಾಮಿ ಹೊಂಡದ ಕಡೆಗೆ ಹೋಗುವ ದಾರಿಯಲ್ಲಿ, ಬೆಳಗಿನ ಬಿಸಿಲು ಎಡದಿಂದ ಬೀಳುವಂಥ ಒಂದು ಗುಂಡುಬಂಡೆಯನ್ನು ಆರಿಸಿಕೊಂಡೆ. ದುರ್ಗದ ಬಂಡೆಗಳನ್ನು ದೂರದಿಂದ ಬೂದು ಎನ್ನುತ್ತೇವೆ. ಹತ್ತಿರ ಕುಳಿತರೆ ಬಿಸಿಲಿನ ಬದಿ ತೆಳು ಗುಲಾಬಿ ಬೆರೆತ ಮಣ್ಣಿನ ಬಣ್ಣ, ನೆರಳಿನ ಬದಿ ನೀಲಿ, ನಡುವೆ ವರ್ಷ ವರ್ಷದ ಮಳೆ ಇಳಿದು ಮಾಡಿದ ಕಪ್ಪು ಪಟ್ಟೆ. ಆ ಪಟ್ಟೆಯ ಒಂದು ಅಂಚು ಚಾಕುವಿನಿಂದ ಕೊರೆದಂತಿದ್ದರೆ ಇನ್ನೊಂದು ಅಂಚು ಕಲ್ಲಿನೊಳಗೆ ಕರಗಿ ಹೋಗಿರುತ್ತದೆ. ಜಲವರ್ಣ ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ, ಏಕೆಂದರೆ ಒಂದೇ ಗೆರೆಯಲ್ಲಿ ಒಣಗಿದ ಅಂಚೂ ಒದ್ದೆ ಅಂಚೂ ಬರಬೇಕು. ಬಣ್ಣ ಮೂರೇ: ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು, ಒಣಹುಲ್ಲಿಗೆ ಯೆಲ್ಲೋ ಓಕರ್ ಎಂಬ ಮಣ್ಣುಹಳದಿ. ಮೊದಲೆರಡನ್ನು ಬೆರೆಸಿದರೆ ಕಲ್ಲಿನ ಬೂದು ಬರುತ್ತದೆ. ನೀಲಿ ಹೆಚ್ಚಾದರೆ ನೆರಳು, ಕಂದು ಹೆಚ್ಚಾದರೆ ಬಿಸಿಲು. ಪೆಟ್ಟಿಗೆಯಲ್ಲಿ ಸಿದ್ಧವಾಗಿ ಬರುವ ಕಪ್ಪನ್ನು ಬಳಸಿ ದುರ್ಗದ ಬಂಡೆ ಬರೆದರೆ ಅದು ಕಲ್ಲಿದ್ದಲಿನಂತೆ ಕಾಣುತ್ತದೆ.

ಮೊದಲ ಬೆಳಿಗ್ಗೆಯ ಕಾರ್ಟ್ರಿಜ್ ಹಾಳೆಯ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ನೀರು ತಾಗಿದ ಕೂಡಲೇ ಹಪ್ಪಳದಂತೆ ಉಬ್ಬಿತು, ತಗ್ಗುಗಳಲ್ಲಿ ಬಣ್ಣ ನಿಂತಿತು, ಎರಡನೆಯ ಸಲ ಕುಂಚ ಎಳೆದಲ್ಲಿ ಮೈ ಕಿತ್ತು ನೂಲು ನೂಲಾಗಿ ಎದ್ದಿತು. ಪೆನ್ಸಿಲ್ಲಿಗೆ ಒಳ್ಳೆಯದು.

ಎರಡನೆಯ ಬೆಳಿಗ್ಗೆ ಪ್ಯಾಡಿನದು. ಇದರ ಸಮಸ್ಯೆ ಅರ್ಥವಾಗಲು ಈ ಸೀಮೆಯ ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಳ್ಳೆಯ ಜಲವರ್ಣ ಪಾಠಗಳಲ್ಲಿ ಬಹುಪಾಲು ತಂಪು, ತೇವದ ಊರುಗಳಲ್ಲಿ ಹುಟ್ಟಿದವು. ನಮ್ಮವರೇ ಆದ ಚಿತ್ರಕಾರ ಕೆ. ವೆಂಕಟಪ್ಪನವರ ಉದಕಮಂಡಲ, ಕೊಡೈಕನಾಲ್ ಚಿತ್ರಗಳ ಮಂಜು ಕೂಡ ಬೆಟ್ಟದ ತೇವದ್ದು. ಹತ್ತು ನಿಮಿಷ ಕಾದು ಮುಂದಿನ ಬಣ್ಣ ಹಾಕಿ ಎಂದು ಹೇಳುವ ಗುರು ಏಪ್ರಿಲ್ಲಿನ ಚಿತ್ರದುರ್ಗದಲ್ಲಿ ಕುಳಿತವನಲ್ಲ. ಇಲ್ಲಿ ವಾಶ್‌ನ ಮೇಲಂಚಿನಿಂದ ಶುರು ಮಾಡಿ ಕೆಳಂಚಿಗೆ ಬರುವಷ್ಟರಲ್ಲಿ ಮೇಲಿನದು ಒಣಗಿರುತ್ತದೆ. ಮರದ ತಿರುಳಿನ ಕಾಗದ ನೀರನ್ನು ಒಳಗೆ ಹಿಡಿದಿಟ್ಟುಕೊಳ್ಳುವುದಿಲ್ಲವಾದ್ದರಿಂದ ನೀರೆಲ್ಲ ಮೇಲ್ಮೈಯಲ್ಲೇ ನಿಂತು, ಗಾಳಿ ಬೀಸಿದಂತೆ ಅಲ್ಲೊಂದು ಕಡೆ ಇಲ್ಲೊಂದು ಕಡೆ ಆರುತ್ತದೆ. ಅರ್ಧ ಆರಿದ ಜಾಗಕ್ಕೆ ಹೊಸ ನೀರು ಹೊಕ್ಕರೆ ಅದು ಒಣಗುತ್ತಿದ್ದ ಬಣ್ಣದ ಕಣಗಳನ್ನು ಹೊರಕ್ಕೆ ತಳ್ಳಿ ಹೂಕೋಸು ಅರಳಿಸುತ್ತದೆ. ನನ್ನ ಬಂಡೆಯ ನೆರಳಿನಲ್ಲಿ ಇಂಥವು ಮೂರು ಅರಳಿದವು. ಪಟ್ಟೆಯ ಕರಗಬೇಕಾದ ಅಂಚು ಕರಗಲಿಲ್ಲ. ಎರಡೂ ಕಡೆ ಚಾಕುವಿನ ಗೆರೆಯೇ ಬಂದಿತು. ಮೇಲಿಂದ ಇನ್ನೊಂದು ಪದರ ಹಾಕಿದರೆ ಕೆಳಗಿನದು ಎದ್ದು ಬಂದು ಎರಡೂ ಸೇರಿ ರಾಡಿಯಾಯಿತು. ಈ ಮೂರು ತಪ್ಪುಗಳನ್ನೂ ನಾಲ್ಕು ವರ್ಷದಿಂದ ನಾನು ನನ್ನ ಕೈಯ ಖಾತೆಗೆ ಬರೆದುಕೊಂಡಿದ್ದೆ.

ಹಾಗೆಂದು ಪ್ಯಾಡನ್ನು ಪೂರ್ತಿ ತಳ್ಳಿಹಾಕುವುದು ಅನ್ಯಾಯ. ಬಣ್ಣ ಒಳಗೆ ಇಳಿಯದಿರುವುದರಿಂದಲೇ ಒದ್ದೆ ಕುಂಚದಿಂದ ಒರೆಸಿ ತೆಗೆಯುವುದು ಸುಲಭ; ಬಣ್ಣಗಳ ಬೆರಕೆಯ ಪಟ್ಟಿ ಮಾಡಲು, ಪೆನ್ನಿನ ಗೆರೆಗೆ ತೆಳುವಾಗಿ ಬಣ್ಣ ಹಚ್ಚಲು ಧಾರಾಳವಾಗಿ ಸಾಕು. ಆದರೆ ವಾಶ್ ಕಲಿಯಲು ಬೇಡ.

ಮೂರನೆಯ ಬೆಳಿಗ್ಗೆ ಹತ್ತಿಯ ತುಂಡನ್ನು ಎರಡೂ ಬದಿ ಒದ್ದೆ ಮಾಡಿ ಪ್ಲಾಸ್ಟಿಕ್ ಹಲಗೆಯ ಮೇಲೆ ಅಂಟಿಸಿದಂತೆ ಹರಡಿದೆ. ಕೆಳಗಿನ ತೇವ ಆವಿಯಾಗಲು ದಾರಿ ಇಲ್ಲದೆ ಅದೇ ಮೇಲ್ಮೈಗೆ ಮೆಲ್ಲಗೆ ನೀರುಣಿಸುತ್ತಿರುತ್ತದೆ; ಒಣಹವೆಯಲ್ಲಿ ಇದು ಒಂದು ದೊಡ್ಡ ಉಪಾಯ, ಆದರೆ ನೀರು ಹೀರುವ ಕಾಗದವಿದ್ದರೆ ಮಾತ್ರ ನಡೆಯುವಂಥದು. ನೆರಳಿನ ಬದಿಗೆ ನೀಲಿ ಬೂದು ಹಾಕಿ, ಅದು ಹೊಳಪು ಕಳೆದುಕೊಂಡು ಒದ್ದೆ ಸ್ಲೇಟಿನ ಬಣ್ಣಕ್ಕೆ ಬಂದಾಗ ಗಟ್ಟಿ ಬಣ್ಣ ತುಂಬಿದ 8ನೇ ನಂಬರಿನ ಕುಂಚದಿಂದ ಪಟ್ಟೆಯನ್ನು ಒಮ್ಮೆಲೇ ಎಳೆದೆ. ಬಲದ ಅಂಚು ಒಣ ಜಾಗದಲ್ಲಿ ನಿಂತಿತು, ಎಡದ ಅಂಚು ತಾನಾಗಿಯೇ ಕಲ್ಲಿನೊಳಗೆ ಸರಿದುಹೋಯಿತು. ಅಲ್ಟ್ರಾಮರೀನ್‌ನ ದಪ್ಪ ಕಣಗಳು ಕಾಗದದ ಸಣ್ಣ ಗುಳಿಗಳಲ್ಲಿ ಕೂತು, ನಾನು ಬರೆಯದೇ ಇದ್ದ ಕಲ್ಲಿನ ಚರ್ಮ ಮೂಡಿತು. ಕಾಗದ ಬಿಟ್ಟು ಮಿಕ್ಕೆಲ್ಲ ಹಿಂದಿನ ದಿನದ್ದೇ ಆಗಿತ್ತು. ನಾನು ಖುಷಿಯಲ್ಲಿ ಹಿಂದಕ್ಕೆ ಸರಿದು ನೋಡುತ್ತಿರುವಾಗ ಕೋಟೆಯ ಮಂಗವೊಂದು ಮಂಡಕ್ಕಿಯ ಪೊಟ್ಟಣವನ್ನು ಎತ್ತಿಕೊಂಡು ಹೋಯಿತು; ಚಿತ್ರವನ್ನು ಮುಟ್ಟಲಿಲ್ಲ.

ಈ ಕಾಗದಕ್ಕೂ ದೋಷಗಳಿವೆ. ಬಣ್ಣ ಎಳೆಗಳೊಳಗೆ ಇಳಿಯುವುದರಿಂದ ಒಣಗಿದ ಮೇಲೆ ಕಾಣುವ ಬಣ್ಣ ಒದ್ದೆಯಲ್ಲಿದ್ದುದಕ್ಕಿಂತ ತೆಳು. ಆರಂಭದಲ್ಲಿ ಎಲ್ಲವೂ ಸಪ್ಪೆಯಾಗುತ್ತದೆ, ಧೈರ್ಯವಾಗಿ ಗಾಢವಾಗಿ ಹಾಕಬೇಕು. ತಪ್ಪಿದ್ದನ್ನು ಒರೆಸುವುದು ಕಷ್ಟ. ರಬ್ಬರಿನಿಂದ ಜೋರಾಗಿ ತಿಕ್ಕಿದಲ್ಲಿ ಮೇಲಿನ ಗಂಜಿ ಹೋಗಿ, ಬಣ್ಣ ಹಾಕಿದಾಗ ಅಲ್ಲಿ ಕಪ್ಪು ಕಲೆ ಬೀಳುತ್ತದೆ. ಗಂಜಿ ಎಂದೆ, ಬಟ್ಟೆಗೆ ಗಂಜಿ ಹಾಕಿದಂತೆ ಈ ಕಾಗದಕ್ಕೆ ಹೆಚ್ಚಾಗಿ ಜೆಲಟಿನ್ ಲೇಪವಿರುತ್ತದೆ, ಒದ್ದೆಯಾದಾಗ ಸಣ್ಣ ವಾಸನೆ ಬರುವುದೂ ಅದರಿಂದಲೇ. ತೇವದ ಜಾಗದಲ್ಲಿ ಬಹುಕಾಲ ಇಟ್ಟರೆ ಆ ಲೇಪ ಕೆಡುತ್ತದೆ. ಹಿಂದೊಮ್ಮೆ ಆನ್‌ಲೈನಿನಲ್ಲಿ ರಿಯಾಯಿತಿಗೆ ತರಿಸಿದ್ದ ಹಾಳೆಗಳು ಬಣ್ಣ ಬಿದ್ದಲ್ಲೆಲ್ಲ ಒತ್ತುಕಾಗದದಂತೆ ಹೀರಿ ಚುಕ್ಕೆ ಚುಕ್ಕೆಯಾದವು; ಮಾರಿದವರಿಗೆ ಫೋಟೋ ಕಳಿಸಿದರೆ ಬಳಸಿದ ಹಾಳೆಯನ್ನು ಹಿಂಪಡೆಯುವುದಿಲ್ಲ ಎಂಬ ಉತ್ತರ ಬಂದಿತು. ಬಳಸದೆ ಗೊತ್ತಾಗುವುದಾದರೂ ಹೇಗೆ? ಅಂಗಡಿಯ ಮೇಜಿನ ಮೇಲಿನ ಆ ಒಂದು ಹನಿ ನೀರಿನ ಬೆಲೆ ನನಗೆ ಗೊತ್ತಿರುವುದು ಹೀಗೆ.

ತಮ್ಮನಿಗೆ ಹೇಳಬೇಕಾಗಿದ್ದ ಲೆಕ್ಕಕ್ಕೆ ಬರುತ್ತೇನೆ. ಪೂರ್ಣ ಹಾಳೆಯನ್ನು ಅಡ್ಡಕ್ಕೆ ಎರಡು, ಉದ್ದಕ್ಕೆ ನಾಲ್ಕು ಮಾಡಿದರೆ 28 ಸೆಂ.ಮೀ. ಮತ್ತು 19 ಸೆಂ.ಮೀ. ಅಳತೆಯ ಎಂಟು ತುಂಡುಗಳಾಗುತ್ತವೆ, ತುಂಡಿಗೆ 60 ರೂಪಾಯಿ. ಎರಡೂ ಬದಿಗೆ ಲೇಪವಿರುವುದರಿಂದ ಅಭ್ಯಾಸಕ್ಕೆ ಹಿಂಬದಿಯನ್ನೂ ಬಳಸಬಹುದು. ಆಗ ಒಂದು ಚಿತ್ರಕ್ಕೆ 30 ರೂಪಾಯಿ. ಹನ್ನೆರಡು ಹಾಳೆಯ ಪ್ಯಾಡಿಗೆ 360 ಎಂದರೆ ಅದೂ ಹಾಳೆಗೆ 30 ರೂಪಾಯಿಯೇ. ಎ4ಗಿಂತ ಒಂದು ಬೆರಳು ಚಿಕ್ಕದು ಎಂಬುದಷ್ಟೇ ವ್ಯತ್ಯಾಸ. ಅಗ್ಗದ ಕಾಗದದಲ್ಲಿ ಕಲಿತು, ಕೈ ಕುದುರಿದ ಮೇಲೆ ಒಳ್ಳೆಯದಕ್ಕೆ ಹೋಗು ಎಂಬ ಹಿತವಚನವನ್ನು ನಾನು ಒಪ್ಪದಿರುವುದು ಇದಕ್ಕೇ: ಅಗ್ಗದ ಕಾಗದದಲ್ಲಿ ಕೈ ಕುದುರುವುದು ಆ ಕಾಗದದ ಕಾಟ ತಪ್ಪಿಸಿಕೊಳ್ಳುವುದಕ್ಕೆ ಮಾತ್ರ, ಆ ಅಭ್ಯಾಸವನ್ನು ಆಮೇಲೆ ಬಿಡಿಸಬೇಕಾಗುತ್ತದೆ. ಉಳಿಸುವುದಿದ್ದರೆ ಬಣ್ಣದಲ್ಲಿ ಉಳಿಸಿ. ಇಪ್ಪತ್ತನಾಲ್ಕು ಟ್ಯೂಬಿನ ಪೆಟ್ಟಿಗೆ ಬೇಡ, ಬಿಡಿ ಟ್ಯೂಬುಗಳಲ್ಲಿ ಐದಾರು ಸಾಕು. ಕೊಳ್ಳುವಾಗ ಒಳಗಿರುವ ಬಣ್ಣದ ಪುಡಿ ಯಾವುದೆಂದು ಹೇಳುವ, ಹಿಂಬದಿಯ ಸಣ್ಣಕ್ಷರದ ಪಿಗ್ಮೆಂಟ್ ಸಂಖ್ಯೆ ಓದಿ: ಅಲ್ಟ್ರಾಮರೀನ್‌ಗೆ ಪಿಬಿ 29. ಪಿಆರ್ 83 ಎಂದಿರುವ ಅಲಿಜರಿನ್ ಕೆಂಪು ಬೆಳಕಿಗೆ ನಿಲ್ಲುವಂಥದಲ್ಲ. ಅರ್ಧ ಮುಚ್ಚಿ ಕಿಟಕಿಗೆ ಅಂಟಿಸಿದ್ದ ನನ್ನ ಪಟ್ಟಿಯಲ್ಲಿ ಬಿಸಿಲು ಕಂಡ ಅರ್ಧ ಎರಡು ಬೇಸಿಗೆಯಲ್ಲಿ ನರೆತುಹೋಯಿತು.

ಎಂಟರಲ್ಲಿ ಎರಡು ತುಂಡು ಉಳಿದಿವೆ. ಚಿತ್ರದುರ್ಗದ ಹತ್ತಿರದ ಜೋಗಿಮಟ್ಟಿ ಬೆಟ್ಟದಲ್ಲಿ ಮಳೆಗಾಲದ ಮೋಡ ನೆಲಕ್ಕಿಳಿದಾಗ ಇದೇ ಕಾಗದ ಆರುವುದೇ ಇಲ್ಲವೆಂದು ಅಂಗಡಿಗೆ ಬಂದಿದ್ದ ವಿದ್ಯಾರ್ಥಿಯೊಬ್ಬ ಎಚ್ಚರಿಸಿದ್ದಾನೆ. ಜುಲೈನಲ್ಲಿ ಅವುಗಳನ್ನು ಅಲ್ಲಿಗೇ ಒಯ್ಯುತ್ತೇನೆ, ಪ್ಯಾಡಿನ ಒಂದು ಹಾಳೆಯನ್ನೂ ಜೊತೆಗಿಟ್ಟುಕೊಂಡು.