ಒಂದು ರಾತ್ರಿಗೆ ಬಂದವರು ವಾರ ಉಳಿಯುವ ಮನೆ: ಬಾದಾಮಿಯ ಒಂದು ಹೋಂಸ್ಟೇ

ಬಾದಾಮಿಯ ಹಳೇ ಊರಿನಲ್ಲಿ, ಮ್ಯೂಸಿಯಂ ಕಡೆಗೆ ಹೋಗುವ ಓಣಿಯಲ್ಲಿ, ಮೂರು ಕೋಣೆಯ ಒಂದು ಹೋಂಸ್ಟೇ ಇದೆ. ಹೆಸರು ಬರೆಯುವುದಿಲ್ಲ. ಮನೆಯ ಅಕ್ಕಾರೇ ಬೇಡ ಅಂದರು. "ಬರೇ ಮೂರು ಖೋಲಿ ಅದಾವ ತಮ್ಮಾ, ಮಂದಿ ಹೆಚ್ಚಾದ್ರ ರೊಟ್ಟಿ ಯಾರು ಬಡೀತಾರ?" ಅನ್ನುವುದು ಅವರ ಮಾತು. ಅಲ್ಲಿ ಯಾರನ್ನಾದರೂ "ಮಾಸ್ತರ ಮನೆ" ಅಂತ ಕೇಳಿ, ತೋರಿಸುತ್ತಾರೆ. ಅಕ್ಕಾರ ಯಜಮಾನರು ರಿಟೈರ್ ಆದ ಹೈಸ್ಕೂಲ್ ಮಾಸ್ತರು.

ನಾನು ಬಾಗಲಕೋಟೆಯವನು. ಸ್ವಂತ ಎರ್ಟಿಗಾ ಓಡಿಸುತ್ತೇನೆ. ಹೊಸಪೇಟೆಯಿಂದ, ಹುಬ್ಬಳ್ಳಿ ಏರ್‌ಪೋರ್ಟಿನಿಂದ ಬರುವ ಫಾರಿನ್ ಗೆಸ್ಟ್‌ಗಳನ್ನು ಬಾದಾಮಿ, ಪಟ್ಟದಕಲ್ಲು, ಐಹೊಳೆ ಸುತ್ತಿಸುವುದು ನನ್ನ ಕೆಲಸ. ಈ ಮನೆಯವರು ನನಗೆ ಕಮಿಷನ್ ಕೊಡುವುದಿಲ್ಲ. ಗೆಸ್ಟ್ ಬಿಡಲು ಹೋದಾಗ ಊಟ ಹಾಕುತ್ತಾರೆ. ಅದನ್ನು ಲಂಚ ಅನ್ನುವುದಾದರೆ ಅನ್ನಿ.

ಮೊದಲು ರೇಟು. ಇಬ್ಬರಿಗೆ ರಾತ್ರಿಗೆ 1,800 ರೂಪಾಯಿ, ಬೆಳಗಿನ ನಾಷ್ಟಾ ಸೇರಿ. ಮೂರನೇ ರಾತ್ರಿಯಿಂದ 1,500. ವಾರ ಇದ್ದರೆ 1,200. ಈ ಇಳಿಯುವ ರೇಟೇ ಈ ಮನೆಯ ಜಾಣತನ. ಬಾದಾಮಿಯಲ್ಲಿ ನಾನು ನೋಡಿದ ಉಳಿದ ಕಡೆ ಮೊದಲ ರಾತ್ರಿಗೂ ಐದನೇ ರಾತ್ರಿಗೂ ಒಂದೇ ರೇಟು, ಗದ್ದಲ ಇದ್ದರೆ ಇನ್ನೂ ಜಾಸ್ತಿ.

ನಮ್ಮ ಕಡೆ ಪ್ರವಾಸ ಹೇಗೆ ನಡೆಯುತ್ತದೆ ಅಂತ ಗೊತ್ತಿದ್ದರೆ ಇದರ ಬೆಲೆ ತಿಳಿಯುತ್ತದೆ. ಹಂಪಿಯಲ್ಲಿ ಮೂರ್ನಾಲ್ಕು ದಿನ ಇದ್ದ ಗೆಸ್ಟ್ ಗೋವಾಕ್ಕೆ ಹೋಗುವ ದಾರಿಯಲ್ಲಿ ಬಾದಾಮಿಗೆ ಬರುತ್ತಾರೆ. ಬೆಳಿಗ್ಗೆ ಮೇಣಬಸದಿ (ಬಾದಾಮಿಯ ಗುಹೆ ಗುಡಿಗಳು), ಅಲ್ಲಿಂದ 22 ಕಿಲೋಮೀಟರ್ ಪಟ್ಟದಕಲ್ಲು, ಮುಂದೆ ಐಹೊಳೆ, ಸಂಜೆ ಹುಬ್ಬಳ್ಳಿ. ಪಟ್ಟದಕಲ್ಲಿಗೆ ಬರುವ ಹೊತ್ತಿಗೆ ಬಿಸಿಲು ನೆತ್ತಿಗೆ ಏರಿರುತ್ತದೆ. ಐಹೊಳೆಯ ದುರ್ಗ ಗುಡಿಯ ಮುಂದೆ ನಿಂತಾಗ ಅವರ ಮುಖ ನೋಡಬೇಕು. ಗುಡಿ ನೋಡಿ ನೋಡಿ ಸಾಕಾಗಿರುತ್ತದೆ ಪಾಪ. ಎಂಥಾ ಗುಡಿ ಅದು, ಹಿಂಭಾಗ ದುಂಡಗೆ, ಸುತ್ತ ಕಂಬದ ಮೊಗಸಾಲೆ! ಅವರು ನೀರಿನ ಬಾಟಲಿ ಕೇಳುತ್ತಿರುತ್ತಾರೆ.

ಭಾರತದಲ್ಲಿ ವಿದೇಶಿಯರು ಜಾಸ್ತಿ ದಿನ ಉಳಿಯಬೇಕು ಅನ್ನುವಾಗ ಎಲ್ಲರೂ ವೀಸಾ ಮಾತಾಡುತ್ತಾರೆ. ವೀಸಾ ಮುಖ್ಯ, ಇಲ್ಲ ಅನ್ನಲ್ಲ. ಥಾಯ್ಲೆಂಡ್ 2024ರ ಜುಲೈನಲ್ಲಿ 93 ದೇಶಗಳವರಿಗೆ ವೀಸಾ ಇಲ್ಲದೆ 60 ದಿನ ಇರಲು ಬಿಟ್ಟಿತು. ನಮ್ಮ ಇ-ಟೂರಿಸ್ಟ್ ವೀಸಾದಲ್ಲೂ 30 ದಿನದ್ದಿದೆ, ಒಂದು ವರ್ಷದ್ದಿದೆ, ಐದು ವರ್ಷದ್ದೂ ಇದೆ. ಅಂದರೆ ನನ್ನ ಕಾರಿನಲ್ಲಿ ಕೂತವರ ಕೈಯಲ್ಲಿ ಕಡಿಮೆ ಅಂದರೂ 30 ದಿನ ಇರುತ್ತದೆ. ಅದರಲ್ಲಿ ಬಾಗಲಕೋಟೆ ಜಿಲ್ಲೆಗೆ ಸಿಗುವುದು ಒಂದು ಹಗಲು. ಹಗಲಿನಲ್ಲಿ ಟಿಕೆಟ್, ಎರಡು ಎಳನೀರು, ನನ್ನ ಬಾಡಿಗೆ, ಅಷ್ಟೇ. ಗೆಸ್ಟ್ ಎಲ್ಲಿ ಮಲಗುತ್ತಾರೋ ಅಲ್ಲಿ ರಾತ್ರಿ ಊಟ, ಬೆಳಗಿನ ನಾಷ್ಟಾ, ಬಟ್ಟೆ ಒಗೆಯುವವರು, ಟೇಲರ್, ಆಟೋದವರು, ಹಣ್ಣಿನ ಗಾಡಿಯವರು, ಎಲ್ಲರಿಗೂ ನಾಲ್ಕು ಕಾಸು ಸಿಗುತ್ತದೆ.

ಮಾಸ್ತರ ಮನೆಯಲ್ಲಿ ಒಂದು ನಿಯಮ ಇದೆ: ದಿನಕ್ಕೆ ಒಂದೇ ಜಾಗ. ಗೆಸ್ಟ್ ಬಂದು ಚಹಾ ಕುಡಿಯುವಾಗಲೇ ಮಾಸ್ತರು ಹೇಳಿಬಿಡುತ್ತಾರೆ. ಮೊದಲ ಸಂಜೆ ಅಗಸ್ತ್ಯ ತೀರ್ಥದ ದಂಡೆಯ ಮೇಲೆ ನಡೆದು ಭೂತನಾಥ ಗುಡಿ, ಬೇರೇನೂ ಇಲ್ಲ. ಮರುದಿನ ಬಾಗಿಲು ತೆಗೆದ ಕೂಡಲೇ ಮೇಣಬಸದಿ, ಬಸ್ಸುಗಳಲ್ಲಿ ಶಾಲೆ ಮಕ್ಕಳು ಬರುವುದಕ್ಕೆ ಮುಂಚೆ. ಒಂದನೇ ಗುಹೆಯ ಹದಿನೆಂಟು ಕೈಯ ನಟರಾಜನ ಮುಂದೆ ಅವಸರ ಮಾಡುವುದಿಲ್ಲ. ಕೈಗಳನ್ನು ನೀವೇ ಜೋಡಿ ಮಾಡಿ ನೋಡಿ, ಬೇರೆ ಬೇರೆ ಭಂಗಿ ಕಾಣುತ್ತದೆ ಅಂತ ಹೇಳಿ ಸುಮ್ನೆ ಪಕ್ಕಕ್ಕೆ ನಿಲ್ಲುತ್ತಾರೆ. ಮೂರನೇ ಗುಹೆಯಲ್ಲಿ ಚಾಲುಕ್ಯರ ಮಂಗಳೇಶನ ಶಾಸನ, 578ನೇ ಇಸವಿಯದ್ದು. ಅಷ್ಟು ಹೇಳಿ ಮುಂದಿನದ್ದು ನಾಳೆ ಅನ್ನುತ್ತಾರೆ. ಕಪ್ಪೆ ಅರಭಟ್ಟನ ಶಾಸನ ತೋರಿಸುವುದು ಇನ್ನೊಂದು ದಿನ, ಅಲ್ಲಿ ಬಂಡೆಯ ಮುಂದೆ ನಿಂತು ಹಳಗನ್ನಡದ ತ್ರಿಪದಿ ಗಟ್ಟಿಯಾಗಿ ಹೇಳುತ್ತಾರೆ, ಗೆಸ್ಟ್ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಟೀವಿ ಧಾರಾವಾಹಿಯವರ ಹಾಗೆ ಮಾಸ್ತರು ಪ್ರತಿ ಸಂಜೆ ಏನಾದರೂ ಒಂದನ್ನು ಬಾಕಿ ಇಟ್ಟಿರುತ್ತಾರೆ.

ಮಧ್ಯಾಹ್ನ ಬಿಸಿಲಿನಲ್ಲಿ ಯಾರೂ ಹೊರಗೆ ಹೋಗುವ ಹಾಗಿಲ್ಲ. ಆಗ ಅಕ್ಕಾರ ಅಡುಗೆಮನೆ. ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದುವುದರಿಂದ ಹಿಡಿದು ಹಂಚಿನ ಮೇಲೆ ರೊಟ್ಟಿಗೆ ನೀರು ಸವರುವ ತನಕ ಎಲ್ಲ ಗೆಸ್ಟ್ ಕೈಯಿಂದಲೇ ಮಾಡಿಸುತ್ತಾರೆ. ಇದಕ್ಕೆ ತಲೆಗೆ 300 ರೂಪಾಯಿ ಬೇರೆ. ಜಾಸ್ತಿ ಅನಿಸಿತ್ತು. ಆದರೆ ಗೆಸ್ಟ್‌ಗಳು ಮೇಣಬಸದಿಗಿಂತ ಹರಿದ ರೊಟ್ಟಿಯ ಫೋಟೋವನ್ನೇ ಜಾಸ್ತಿ ಮಂದಿಗೆ ಕಳಿಸುವುದನ್ನು ನೋಡಿ ಸುಮ್ಮನಾದೆ.

ಊಟದ ಬಗ್ಗೆ ನನ್ನದೊಂದು ತಕರಾರಿದೆ. ಎಣ್ಣೆಗಾಯಿ ಬದನೆಕಾಯಿಗೆ ಖಾರವೇ ಇರುವುದಿಲ್ಲ, ನಮ್ಮ ಬಾಯಿಗೆ ಸಪ್ಪೆ. ಖಾರವೆಲ್ಲ ಪಕ್ಕದ ತಟ್ಟೆಯಲ್ಲಿ: ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಖಾರ. ಬೇಕಾದವರು ಹಾಕಿಕೊಳ್ಳಬೇಕು. ಅಕ್ಕಾರನ್ನು ಕೇಳಿದರೆ, "ಒಂದ್ ಸಲ ಹೊಟ್ಟಿ ಕೆಟ್ರ ಮರುದಿನ ಟಿಕೀಟ್ ತಗಸ್ತಾರ" ಅನ್ನುತ್ತಾರೆ. ಇದಂತೂ ನಿಜ. ಕುಡಿಯಲು ಕುದಿಸಿ ಆರಿಸಿದ ನೀರು, ಹಸಿ ಸೌತೆಕಾಯಿ ಕೊಡುವ ಮುಂಚೆ ಚೆನ್ನಾಗಿ ತೊಳೆದದ್ದು. ಮೊಸರು ಮಾತ್ರ ಕೆನೆಗಟ್ಟಿದ್ದು, ಅದರಲ್ಲಿ ರಾಜಿ ಇಲ್ಲ.

ಮೂರನೇ ದಿನದಿಂದ ಆಟ ಬೇರೆ. ಪಟ್ಟದಕಲ್ಲಿಗೆ ಒಂದಿಡೀ ಹಗಲು. ಚಾಲುಕ್ಯರ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿ ನೋಡಿ, ಮಲಪ್ರಭೆಯ ದಂಡೆಯಲ್ಲಿ ಬುತ್ತಿ ಬಿಚ್ಚಿ ಊಟ. ಆಮೇಲೆ ಮಹಾಕೂಟದ ಹೊಂಡ, ಅಲ್ಲಿ ಊರವರ ಜೊತೆ ನೀರಿಗಿಳಿಯಬಹುದು. ಬನಶಂಕರಿಯಲ್ಲಿ ಗುಡಿ ಮುಂದೆ ಬುಟ್ಟಿ ಇಟ್ಟುಕೊಂಡು ಕೂತ ಹೆಣ್ಣುಮಕ್ಕಳ ಹತ್ತಿರ ರೊಟ್ಟಿ, ಪಲ್ಯ, ಮೊಸರು. ಗುಳೇದಗುಡ್ಡದಲ್ಲಿ ಖಣ ನೇಯುವವರ ಮನೆ. ನೆದರ್ಲೆಂಡ್ಸ್‌ನಿಂದ ಬಂದಿದ್ದ ಒಬ್ಬ ಅಜ್ಜಿ ಮೊದಲು ಟೇಲರ್ ಆಗಿದ್ದವರು. ಮಗ್ಗದ ಪಕ್ಕ ಕೂತವರು ಏಳಲೇ ಇಲ್ಲ. ಅವರ ಯಜಮಾನರು ನನ್ನ ಕಾರಿನಲ್ಲಿ ನಿದ್ದೆ ಹೊಡೆದರು. ಆ ದಂಪತಿ ಒಂದು ರಾತ್ರಿಗೆ ಬುಕ್ ಮಾಡಿದ್ದರು, ಗೋವಾದ ರೂಮು ಕ್ಯಾನ್ಸಲ್ ಮಾಡಿ ವಾರ ಉಳಿದರು. ಹೋಗುವಾಗ ಖಣದ ಕುಪ್ಪಸದ ಅರಿವೆ, ಇಳಕಲ್ ಸೀರೆ, ಅಮೀನಗಡದ ಕರದಂಟು ಸೇರಿ ಒಂದು ಬ್ಯಾಗು ಹೆಚ್ಚಾಗಿತ್ತು.

ಈ ಮನೆಗಿಂತ ಮೊದಲೇ ಈ ಪಾಠ ಬಾದಾಮಿಯ ಬಂಡೆಗಳಲ್ಲಿತ್ತು. ಚಳಿಗಾಲದಲ್ಲಿ ಬಂಡೆ ಹತ್ತುವ ಹುಡುಗ ಹುಡುಗಿಯರು ಹೊರದೇಶಗಳಿಂದ ಬರುತ್ತಾರೆ. ಹಗ್ಗ, ಬೂಟು, ಸುಣ್ಣದ ಪುಡಿಯ ಚೀಲ. ಅವರು ಬಂದರೆ ವಾರಗಟ್ಟಲೆ ಇರುತ್ತಾರೆ, ಕೆಲವರು ಮರುವರ್ಷವೂ ಬರುತ್ತಾರೆ. ಚಹಾದಂಗಡಿಯವರ ಹೆಸರು, ಅವರ ಮಕ್ಕಳ ಹೆಸರು ಎಲ್ಲ ಗೊತ್ತು. ಯಾಕೆ ಉಳಿಯುತ್ತಾರೆ? ನಿನ್ನೆ ಹತ್ತಲಾಗದ ಬಂಡೆಯನ್ನು ಇವತ್ತು ಹತ್ತಬೇಕು, ಅದಕ್ಕೆ. ನೋಡುವುದು ಒಂದು ದಿನದಲ್ಲಿ ಮುಗಿಯುತ್ತದೆ, ಮಾಡುವುದು ಮುಗಿಯುವುದಿಲ್ಲ. ಸರ್ಕಾರದ ಪೋಸ್ಟರಿನಲ್ಲಿ ಬರೀ ನೋಡುವ ಜಾಗಗಳೇ ಇರುತ್ತವೆ, ಅಲ್ವಾ?

ಇನ್ನು ಟಿಕೆಟ್ ವಿಷಯ. ಮೇಣಬಸದಿಗೆ ನಮಗೆ 25 ರೂಪಾಯಿ, ಫಾರಿನ್‌ನವರಿಗೆ 300. ಪಟ್ಟದಕಲ್ಲು 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ, ಅಲ್ಲಿ ನಮಗೆ 40, ಅವರಿಗೆ 600. ಅವರಿಗೆ ಜಾಸ್ತಿ ಇರುವುದರ ಬಗ್ಗೆ ನನ್ನ ತಕರಾರಿಲ್ಲ. ಟಿಕೆಟ್ ಆ ದಿನಕ್ಕೆ ಮಾತ್ರ, ತಕರಾರು ಅದರ ಮೇಲೆ. ಬೆಳಗಿನ ಬೆಳಕಿನಲ್ಲಿ ಗುಹೆ ನೋಡಿದವರಿಗೆ ಮರುದಿನ ಸಂಜೆ ಕಲ್ಲು ಕೆಂಪಾಗುವುದನ್ನೂ ನೋಡೋಣ ಅನಿಸಿದರೆ ಮತ್ತೆ 300 ಕೊಡಬೇಕು. ಸುಮಾರು ಜನ ಬೇಡ ಬಿಡಿ ಅನ್ನುತ್ತಾರೆ.

ಹಳೇ ಗುಡಿಗಳಿಗೆ ಹೆಸರಾದ ಕಾಂಬೋಡಿಯಾದ ಅಂಕೋರ್‌ನಲ್ಲಿ ಹೇಗೆ ಅಂತ ಗೆಸ್ಟ್ ಒಬ್ಬರು ಹೇಳಿದ್ದರು, ಆಮೇಲೆ ಫೋನಿನಲ್ಲಿ ನೋಡಿ ಖಾತ್ರಿ ಮಾಡಿಕೊಂಡೆ. ಒಂದು ದಿನದ ಪಾಸು 37 ಡಾಲರ್. ಮೂರು ದಿನದ್ದು 62. ಏಳು ದಿನದ್ದು 72. ಮೂರು ದಿನದ ಪಾಸಿಗೆ ಇನ್ನು ಹತ್ತು ಡಾಲರ್ ಸೇರಿಸಿದರೆ ಏಳು ದಿನ! ಅದನ್ನೂ ಒಂದೇ ಸಮನೆ ಬಳಸಬೇಕಿಲ್ಲ, ಒಂದು ತಿಂಗಳೊಳಗೆ ಯಾವ ಏಳು ದಿನವಾದರೂ ಆಗುತ್ತದೆ. ಕೈಯಲ್ಲಿ ಪಾಸು ಇದ್ದವರು ಅದನ್ನು ಬಿಟ್ಟು ಹೋಗುತ್ತಾರಾ? ಭೂತಾನ್ ಕೂಡ 2023ರಲ್ಲಿ ಇಂಥದ್ದೇ ಮಾಡಿತು. ಪ್ರವಾಸಿಗರು ದಿನದ ಲೆಕ್ಕದಲ್ಲಿ ಕಟ್ಟುವ ಸರ್ಕಾರಿ ಶುಲ್ಕವನ್ನು ನಾಲ್ಕು ದಿನಕ್ಕೆ ಕಟ್ಟಿದರೆ ಇನ್ನೂ ನಾಲ್ಕು ದಿನ ಬಿಟ್ಟಿ ಅಂದಿತ್ತು. ಅದೇ ವರ್ಷ ಆ ಶುಲ್ಕವನ್ನು ರಾತ್ರಿಗೆ 200 ಡಾಲರ್‌ನಿಂದ 100ಕ್ಕೆ ಇಳಿಸಿತು. ಮೂರು ಊರಿಗೆ ಸೇರಿ ಒಂದೇ ಪಾಸು, ವಾರ ನಡೆಯುವಂಥದ್ದು, ನಮ್ಮಲ್ಲೂ ಬಂದರೆ ನನ್ನ ಒಂದು ದಿನದ ಬಾಡಿಗೆ ಹೋಗಿ ಐದು ದಿನದ ಬಾಡಿಗೆ ಆಗುತ್ತದೆ. ಮಾಸ್ತರ ರೇಟ್ ಚಾರ್ಟಿಗೂ ಅಂಕೋರಿನ ಪಾಸಿಗೂ ಲೆಕ್ಕ ಒಂದೇ. ಮಾಸ್ತರು ಅಂಕೋರಿಗೆ ಹೋಗಿಲ್ಲ.

ಈ ಮನೆಗೆ ನಾನು ಪೂರ್ತಿ ಮಾರ್ಕ್ಸ್ ಕೊಡುವುದು ಒಂದು ಕಾಗದದ ಕೆಲಸಕ್ಕೆ. ವಿದೇಶಿಯರು ಬಂದು ಉಳಿದರೆ 24 ಗಂಟೆಯೊಳಗೆ ಅವರ ಪಾಸ್‌ಪೋರ್ಟ್, ವೀಸಾ ವಿವರ ಆನ್‌ಲೈನ್‌ನಲ್ಲಿ ತುಂಬಬೇಕು. ನಮ್ಮಲ್ಲಿ ಎಲ್ಲರೂ ಸಿ-ಫಾರ್ಮ್ ಅನ್ನುತ್ತಾರೆ. ಇದೊಂದಕ್ಕೆ ಹೆದರಿ ಎಷ್ಟೋ ಸಣ್ಣ ಲಾಡ್ಜಿನವರು "ಫಾರಿನ್‌ದವ್ರು ಬ್ಯಾಡ್ರಿ, ನಾಳೆ ಪೊಲೀಸ್ರು ಬಂದ್ರ ಯಾರು ಓಡ್ಯಾಡಾವ್ರು" ಅಂತ ಬಾಗಿಲಲ್ಲೇ ಕಳಿಸುತ್ತಾರೆ. ಒಂದು ರಾತ್ರಿ ಮಗು ಎತ್ತಿಕೊಂಡ ಗಂಡ ಹೆಂಡತಿಯನ್ನು ಕರೆದುಕೊಂಡು ಲಾಡ್ಜಿಂದ ಲಾಡ್ಜಿಗೆ ಅಲೆದಿದ್ದೇನೆ. ಖಾಲಿ ಕೋಣೆ ಇತ್ತು, ಕೊಡಲಿಲ್ಲ. ಬೆಳಿಗ್ಗೆ ಎದ್ದವರೇ ಗೋವಾಕ್ಕೆ ಬಿಡಿ ಅಂದರು. ಮಾಸ್ತರ ಮಗಳು ಚಹಾ ಆರುವ ಮೊದಲೇ ಫಾರ್ಮ್ ತುಂಬಿ ಮುಗಿಸುತ್ತಾಳೆ. ಸರ್ಕಾರ ಊರೂರಿಗೆ ಸ್ವಾಗತ ಕಮಾನು ಕಟ್ಟುವುದಕ್ಕಿಂತ ತಾಲೂಕಿಗೆ ಒಬ್ಬರನ್ನು ಇಟ್ಟು ಹೋಂಸ್ಟೇಯವರಿಗೆ, ಲಾಡ್ಜಿನವರಿಗೆ ಈ ಫಾರ್ಮ್ ತುಂಬುವುದನ್ನು ಕಲಿಸಿದರೆ ಒಂದೇ ಚಳಿಗಾಲದಲ್ಲಿ ಫರಕು ಕಾಣುತ್ತದೆ.

ಈಗ ಕೊರತೆಗಳು. ಕಾರು ಮನೆ ತನಕ ಹೋಗುವುದಿಲ್ಲ, ಓಣಿ ಸಣ್ಣದು, ಸಾಮಾನು ಹೊತ್ತುಕೊಂಡು ನಡೆಯಬೇಕು. ಗಾಲಿ ಸೂಟ್‌ಕೇಸು ಆ ಕಲ್ಲಿನ ಮೇಲೆ ಉಳಿಯುವುದಿಲ್ಲ. ಬಿಸಿನೀರು ಸೋಲಾರ್‌ದು, ಮೋಡ ಇದ್ದರೆ ಬಕೆಟ್ ನೀರೇ ಗತಿ. ಒಂದು ಕೋಣೆಗೆ ಬಾತ್‌ರೂಮ್ ಹೊರಗೆ ಇದೆ, ಬುಕ್ ಮಾಡುವಾಗ ಕೇಳದಿದ್ದರೆ ಹೇಳುವುದಿಲ್ಲ. ಇದು ಸರಿಯಲ್ಲ ಅಂತ ಅಕ್ಕಾರಿಗೂ ಹೇಳಿದ್ದೇನೆ. ಕರೆಂಟ್ ಹೋದರೆ ವೈಫೈ ಹೋಗುತ್ತದೆ. ಲ್ಯಾಪ್‌ಟಾಪ್ ಹಿಡಿದು ಕೆಲಸ ಮಾಡುತ್ತಾ ಊರೂರು ತಿರುಗುವ ಫಾರಿನ್ ಹುಡುಗರು ಈಗ ಬಹಳ. ಅವರು ತಿಂಗಳು ಉಳಿಯುವಂಥವರು, ಒಂದು ಇನ್ವರ್ಟರ್ ಇಲ್ಲದ್ದಕ್ಕೆ ಎರಡೇ ದಿನಕ್ಕೆ ಎದ್ದು ಹೋಗುತ್ತಾರೆ. ಕಾರ್ಡ್ ಮಷಿನ್ ಇಲ್ಲ. ಹೊರದೇಶದವರಿಗೂ ಯುಪಿಐ ವಾಲೆಟ್ 2023ರಲ್ಲೇ ಬಂದಿದೆ, ಆದರೆ ನನ್ನ ಕಾರಿಗೆ ಹತ್ತಿದವರಲ್ಲಿ ಅದರ ಸುದ್ದಿ ಗೊತ್ತಿದ್ದವರು ಸಿಕ್ಕಿಲ್ಲ. ಆದ್ದರಿಂದ ನಗದು ಇಟ್ಟುಕೊಂಡೇ ಬನ್ನಿ. ಮಾಳಿಗೆ ಮೇಲೆ ಬಟ್ಟೆ ಒಣಗಿಸಬೇಡಿ, ಮಂಗಗಳು ಒಯ್ಯುತ್ತವೆ. ಮಾಸ್ತರು ಮಾತಿಗೆ ಕೂತರೆ ಏಳುವುದು ಕಷ್ಟ. ಪುಲಿಕೇಶಿಯ ವಿಷಯ ಎತ್ತಿದರೆ ಐಹೊಳೆಯ ಮೇಗುತಿ ಗುಡಿಯ ರವಿಕೀರ್ತಿ ಶಾಸನ ಮುಗಿಯುವ ತನಕ ಊಟ ಇಲ್ಲ.

ಮನೆಗೆ ಐದರಲ್ಲಿ ನಾಲ್ಕು ಕೊಡುತ್ತೇನೆ. ಇನ್ವರ್ಟರ್ ಹಾಕಿಸಿದರೆ ನಾಲ್ಕೂವರೆ. ನವೆಂಬರ್‌ನಿಂದ ಫೆಬ್ರುವರಿ ತನಕ ಒಳ್ಳೆಯ ಸಮಯ. ಏಪ್ರಿಲ್, ಮೇನಲ್ಲಿ ಕಲ್ಲು ಕಾಯ್ದು ರಾತ್ರಿಯೂ ಸೆಕೆ, ಯಾರನ್ನೂ ಕಳಿಸಬೇಡಿ. ಜನವರಿ ಸುಮಾರಿಗೆ ಬರುವ ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ. ತೇರು, ನಾಟಕ ಕಂಪನಿಗಳು, ಮಿಠಾಯಿ ಅಂಗಡಿಗಳು, ಫಾರಿನ್‌ನವರಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ದಿನ ಇಲ್ಲ. ಆದರೆ ಆಗ ಅಕ್ಕಾರ ಬೀಗರು, ನೆಂಟರು ಬಂದು ಮೂರೂ ಕೋಣೆ ತುಂಬಿರುತ್ತವೆ, ದೀಪಾವಳಿಗೇ ಕೇಳಿ ಇಟ್ಟುಕೊಳ್ಳಿ. ನಿಮ್ಮ ಗೆಸ್ಟ್ ಒಂದೇ ರಾತ್ರಿ ಸಾಕು ಅಂದರೆ ಒಂದೇ ರಾತ್ರಿಗೆ ಬುಕ್ ಮಾಡಿ, ಮರುದಿನ ಸಂಜೆಯ ರೈಲು ಟಿಕೆಟ್ ಮಾತ್ರ ಈಗಲೇ ತೆಗೆಯಬೇಡಿ.