ಸೆಷನ್‌ಗೆ ಒಂದೇ ಗಿಟಾರ್ ಒಯ್ಯುವುದಾದರೆ: ಟೆಲಿ, ಸ್ಟ್ರಾಟ್, 335

ದುಡ್ಡು ತೆಗೆದುಕೊಂಡು ಬೇರೆಯವರ ಹಾಡಿಗೆ ನುಡಿಸುವ ಕೆಲಸಕ್ಕೆ ಒಂದೇ ಗಿಟಾರ್ ಹೆಗಲಿಗೇರಿಸಿ ಹೊರಡಬೇಕೆಂದರೆ ನನ್ನ ಕೈ ಹೋಗುವುದು ಟೆಲಿಕ್ಯಾಸ್ಟರ್ (ಟೆಲಿ) ಎಂಬ ಎಲೆಕ್ಟ್ರಿಕ್ ಗಿಟಾರ್ ಕಡೆಗೇ. ಎಲೆಕ್ಟ್ರಿಕ್ ಗಿಟಾರುಗಳೇ ಆದ ಸ್ಟ್ರಾಟೋಕ್ಯಾಸ್ಟರ್ (ಸ್ಟ್ರಾಟ್), ಇಎಸ್-335 ಎರಡನ್ನೂ ರೆಕಾರ್ಡಿಂಗ್‌ನಲ್ಲಿ ಚೆನ್ನಾಗಿ ದುಡಿಸಿ ನೋಡಿದ ಮೇಲೂ ಈ ಮಾತು ಬದಲಾಗಿಲ್ಲ. ಎಷ್ಟು ಫ್ರೆಟ್, ಯಾವ ಮರ ಎಂಬ ಪಟ್ಟಿ ಎಲ್ಲ ಕಡೆ ಸಿಗುತ್ತದೆ, ಅದು ಇಲ್ಲಿ ಬೇಡ. ರೆಕಾರ್ಡಿಂಗ್‌ನ ಕೆಂಪು ದೀಪ ಹೊತ್ತಿದ ಮೇಲೆ ಯಾವುದು ಕಡಿಮೆ ಹೊತ್ತು ಹಾಳು ಮಾಡುತ್ತದೆ ಅನ್ನುವುದಷ್ಟೇ ಲೆಕ್ಕ.

ಸೆಷನ್ ಗಿಟಾರಿಗೆ ನಾದ ಚೆನ್ನಾಗಿದ್ದರೆ ಸಾಲದು. ಎರಡನೇ ಟೇಕಿನ ಚರಣವನ್ನು ಆರನೇ ಟೇಕಿನ ಪಲ್ಲವಿಗೆ ಅಂಟಿಸುವುದು ಎಡಿಟಿಂಗ್‌ನಲ್ಲಿ ಮಾಮೂಲು. ಅದೇ ಭಾಗವನ್ನು ಇನ್ನೊಮ್ಮೆ ನುಡಿಸಿ ಎಡಕ್ಕೊಂದು ಬಲಕ್ಕೊಂದು ಇಡುವುದೂ ಇದ್ದದ್ದೇ. ಮೊದಲ ಟೇಕಿಗೂ ಕೊನೆಯದಕ್ಕೂ ಶ್ರುತಿ ಐದಾರು ಸೆಂಟ್ (ಒಂದು ಸೆಂಟ್ ಅಂದರೆ ಅರ್ಧ ಸ್ವರದ ನೂರರಲ್ಲೊಂದು ಪಾಲು) ಸರಿದಿದ್ದರೂ ಈ ಜೋಡಣೆ ಕೆಡುತ್ತದೆ, ಮತ್ತೆ ನುಡಿಸಬೇಕಾಗುತ್ತದೆ. ಸ್ಟ್ರಾಟ್ ನನಗೆ ಕೈಕೊಡುವುದು ಇಲ್ಲೇ.

ಅದರ ನಾದದ ಬಗ್ಗೆ ತಕರಾರಿಲ್ಲ. ಪಿಕಪ್ (ತಂತಿಯ ಕಂಪನ ಹಿಡಿಯುವ ಕಾಂತ) ಆರಿಸುವ ಸ್ವಿಚ್ಚಿನ ಎರಡು ಮತ್ತು ನಾಲ್ಕನೇ ಸ್ಥಾನದಲ್ಲಿ ಎರಡು ಪಿಕಪ್ ಕೂಡಿ ಬರುವ ಆ ತೆಳುವಾದ, ಹೊಳೆಯುವ ರಿದಂ ಬೇರೆ ಗಿಟಾರಿನಲ್ಲಿ ಹೊರಡುವುದಿಲ್ಲ. 1954ರಲ್ಲಿ ಬಂದಾಗ ಅದಕ್ಕೆ ಇದ್ದದ್ದು ಮೂರು ಸ್ಥಾನದ ಸ್ವಿಚ್ಚು. ವಾದಕರೇ ಅದನ್ನು ನಡುವೆ ಸಿಕ್ಕಿಸಿಟ್ಟು ಈ ನಾದ ಕಂಡುಕೊಂಡರು. ಐದು ಸ್ಥಾನದ ಸ್ವಿಚ್ಚು ಕಾರ್ಖಾನೆಯಿಂದಲೇ ಬರತೊಡಗಿದ್ದು 1977ರಲ್ಲಿ.

ತಲೆನೋವು ತೇಲುವ ಬ್ರಿಡ್ಜಿನದು, ಅಂದರೆ ತಂತಿಗಳ ಕೆಳತುದಿ ಹಿಡಿದಿರುವ, ಕಡ್ಡಿಯಿಂದ ಅಲುಗಿಸಬಹುದಾದ ಲೋಹದ ಭಾಗದ್ದು. ಒಂದು ಕಡೆ ಆರು ತಂತಿಗಳು ಎಳೆಯುತ್ತವೆ, ಇನ್ನೊಂದು ಕಡೆ ಗಿಟಾರಿನ ಬೆನ್ನಿನ ಗುಳಿಯೊಳಗಿನ ಸ್ಪ್ರಿಂಗ್‌ಗಳು ಎಳೆಯುತ್ತವೆ. ಈ ಹಗ್ಗಜಗ್ಗಾಟದ ನಡುವೆ ಬ್ರಿಡ್ಜು ನಿಂತಿರುತ್ತದೆ. ಹಾಡಿನ ಅರ್ಧದಲ್ಲಿ ‘ಆರನೇ ತಂತಿಯನ್ನು ಡಿ ಸ್ವರಕ್ಕೆ ಇಳಿಸಿ ನೋಡೋಣ’ ಎಂದರು ಅನ್ನಿ. ಅದನ್ನು ಇಳಿಸಿದ ಕೂಡಲೇ ತಂತಿಗಳ ಒಟ್ಟು ಎಳೆತ ತಗ್ಗಿ, ಸ್ಪ್ರಿಂಗ್ ಗೆದ್ದು, ಉಳಿದ ಐದೂ ತಂತಿಗಳು ಶ್ರುತಿಯಲ್ಲಿ ಏರಿಬಿಡುತ್ತವೆ. ಅವನ್ನು ಸರಿಮಾಡುವಷ್ಟರಲ್ಲಿ ಆರನೆಯದು ಮತ್ತೆ ಮೇಲೆ. ಎರಡು ಮೂರು ಸುತ್ತು ತಿರುಗದೆ ಶ್ರುತಿ ನಿಲ್ಲುವುದಿಲ್ಲ, ಹಿಂದಿನ ಶ್ರುತಿಗೆ ಮರಳುವಾಗ ಮತ್ತದೇ ಕತೆ. ಮೂರನೇ ತಂತಿಯನ್ನು ಬಗ್ಗಿಸಿ ಎರಡನೆಯದನ್ನು ಹಾಗೇ ಹಿಡಿದರೆ ಎರಡನೆಯದು ಇಳಿಯುತ್ತದೆ. ಅಂಗೈ ಬ್ರಿಡ್ಜಿನ ಹಿಂದೆ ಒರಗಿದರೆ ಎಲ್ಲವೂ ಏರುತ್ತವೆ. ಒಂದು ತಂತಿ ಕಡಿದರಂತೂ ಆ ಟೇಕ್ ಅಲ್ಲಿಗೇ ಮುಗಿಯಿತು.

ಪರಿಹಾರವಿದೆ: ಬ್ರಿಡ್ಜನ್ನು ಮೈಗೆ ಕೂರಿಸುವುದು. ಬೆನ್ನಿನ ಪ್ಲೇಟ್ ಬಿಚ್ಚಿ, ಮೂರಿದ್ದ ಸ್ಪ್ರಿಂಗ್ ಐದು ಮಾಡಿ, ಅವನ್ನು ಹಿಡಿದಿರುವ ಲೋಹದ ಪಟ್ಟಿಯ ಎರಡು ಸ್ಕ್ರೂಗಳನ್ನು ಅರ್ಧರ್ಧ ಸುತ್ತು ಸಮವಾಗಿ ಬಿಗಿಯಬೇಕು. ಬಿಗಿದಂತೆಲ್ಲ ತಂತಿಗಳು ಏರುತ್ತವೆ, ಪ್ರತಿ ಸಲವೂ ಶ್ರುತಿಗೆ ಇಳಿಸಿಕೊಳ್ಳಬೇಕು. ಬ್ರಿಡ್ಜಿನ ಹಿಂಬದಿ ಮರಕ್ಕೆ ತಾಗಿತು ಅನ್ನಿಸಿದ ಮೇಲೆ ಒಂದು ಪರೀಕ್ಷೆ: ಆರನೇ ತಂತಿಯನ್ನು ಮೀಟಿ, ಅದು ಮೊಳಗುತ್ತಿರುವಾಗಲೇ ಮೂರನೆಯದನ್ನು ಒಂದು ಪೂರ್ತಿ ಸ್ವರ ಬಗ್ಗಿಸಿ. ಆರನೆಯದು ಸ್ವಲ್ಪ ಅಲುಗಿದರೂ ಬಿಗಿತ ಸಾಲದು. ಪೂರ್ತಿ ನಿಲ್ಲಿಸಬೇಕೆಂದರೆ ಬ್ರಿಡ್ಜಿನ ಕೆಳಗಿನ ಲೋಹದ ಬ್ಲಾಕಿಗೂ ಗುಳಿಯ ಹಿಂಗೋಡೆಗೂ ನಡುವೆ ಅಳತೆಗೆ ಕೊಯ್ದ ಮರದ ತುಂಡು ಸೇರಿಸಿ, ಸಡಿಲವಿದ್ದರೆ ರಟ್ಟಿನ ಚೂರು ತುರುಕಿ.

ಇಷ್ಟಕ್ಕೇ ಮುಗಿಯುವುದಿಲ್ಲ. ಬ್ರಿಡ್ಜು ಕೆಳಗೆ ಕೂತಾಗ ತಂತಿಗಳೂ ಕೆಳಗಿಳಿದು ಕತ್ತಿನ ಮೇಲಿನ ಲೋಹದ ಫ್ರೆಟ್ಟಿಗೆ ಬಡಿಯುತ್ತವೆ. ಬ್ರಿಡ್ಜಿನ ಮೇಲೆ ತಂತಿಗಳು ಕೂರುವ ಆರೂ ಸ್ಯಾಡಲ್ ಎತ್ತಬೇಕು, ಆಮೇಲೆ ಹನ್ನೆರಡನೇ ಫ್ರೆಟ್ಟಿನಲ್ಲಿ ಒತ್ತಿದ ಸ್ವರವನ್ನು ಅಲ್ಲೇ ಒತ್ತದೆ ಬರೀ ಮುಟ್ಟಿ ಹೊರಡಿಸುವ ಹಾರ್ಮೋನಿಕ್ಸ್‌ಗೆ ಹೋಲಿಸಿ ಮತ್ತೆ ಸರಿಹೊಂದಿಸಬೇಕು. ಇನ್ನೊಂದು ಕಿರಿಕಿರಿ ಸಣ್ಣ ಸದ್ದನ್ನೂ ಮೇಲೆತ್ತುವ ಕಂಪ್ರೆಸರ್ ಹಾಕಿದ ಮೇಲೇ ಬಯಲಾಗುವಂಥದ್ದು. ಚುಟುಕಾಗಿ ಮೀಟಿ ತಟ್ಟನೆ ತಂತಿ ಮುಚ್ಚಿದಾಗಲೂ ಬೆನ್ನಿನ ಸ್ಪ್ರಿಂಗ್‌ಗಳು ಸಣ್ಣಗೆ ಝೇಂಕರಿಸುತ್ತಲೇ ಇರುತ್ತವೆ. ಅವುಗಳ ಅಡಿ ಸ್ಪಂಜಿನ ತುಂಡಿಟ್ಟರೆ ಸುಮ್ಮನಾಗುತ್ತವೆ. ಇಷ್ಟೆಲ್ಲ ಮಾಡಿ ಕೊನೆಗೆ ಸಿಗುವುದು ಅಲುಗದ ಬ್ರಿಡ್ಜಿನ ಗಿಟಾರ್. ಹಾಗಿದ್ದರೆ ಅಲುಗದ ಬ್ರಿಡ್ಜನ್ನೇ ಕೊಳ್ಳಬಾರದೇಕೆ?

ಸ್ಟ್ರಾಟಿನ ವಾಲ್ಯೂಮ್ ಗುಂಡಿಯೂ ಮೀಟುವ ಕೈಗೆ ತೀರಾ ಹತ್ತಿರ. ಜೋರಾಗಿ ರಿದಂ ಹೊಡೆಯುವವರಿಗೆ ಗೊತ್ತು.

335 ಬೇರೆಯೇ ಜಾತಿ. 1958ರಲ್ಲಿ ಬಂದದ್ದು, ಮೈ ಅರ್ಧ ಟೊಳ್ಳು, ನಡುವೆ ಉದ್ದಕ್ಕೂ ಮರದ ದಿಮ್ಮಿ. ವಿದ್ಯುತ್ತಿನ ಗದ್ದಲ ರದ್ದು ಮಾಡುವ ಜೋಡಿ ಸುರುಳಿಯ ಹಂಬಕರ್ ಪಿಕಪ್ ಆದ್ದರಿಂದ ಗುಂಯ್ ಸದ್ದು ಇಲ್ಲವೆನ್ನುವಷ್ಟು ಕಡಿಮೆ. ಕಂಪ್ಯೂಟರ್ ಪರದೆ, ಡಿಮ್ಮರ್ ದೀಪ ಇರುವ ಕೋಣೆಯಲ್ಲಿ ಇದೊಂದು ವರ. ಸೆಷನ್ ಲೋಕದಲ್ಲಿ ಗಿಟಾರ್ ವಾದಕ ಲ್ಯಾರಿ ಕಾರ್ಲ್‌ಟನ್ ಹೆಸರಿಗೇ ಅಂಟಿಕೊಂಡ ಗಿಟಾರಿದು, ಸೋಲೋ ನುಡಿಸಿದರೆ ಯಾಕೆಂದು ಗೊತ್ತಾಗುತ್ತದೆ. ಆದರೆ ಬಾಡಿಗೆ ವಾದಕನ ಪಾಲಿಗೆ ಸೋಲೋಗಿಂತ ಹೆಚ್ಚು ಬರುವುದು ಹಾಡುಗಾರರ ಬೆನ್ನಿಗೆ ನಿಲ್ಲುವ ರಿದಂ. ಅಲ್ಲಿ ಹಂಬಕರಿನ ಮಧ್ಯಮ ಎತ್ತರದ ದಪ್ಪ ನಾದ ಕಂಠದ ಜಾಗಕ್ಕೇ ನುಗ್ಗುತ್ತದೆ, ಮಿಕ್ಸ್ ಮಾಡುವವರು ಕತ್ತರಿಸಿ ಕತ್ತರಿಸಿ ಅದರ ಗುಣವನ್ನೇ ಕಳೆಯುತ್ತಾರೆ. ಇದರ ಸ್ಕೇಲ್ ಉದ್ದ (ತಂತಿಯ ಕಂಪಿಸುವ ಭಾಗದ ಉದ್ದ) 24.75 ಇಂಚು, ಟೆಲಿಯದು 25.5. ಆ ಮುಕ್ಕಾಲು ಇಂಚಿನಿಂದ ಎಳೆತ ಕಡಿಮೆಯಾಗಿ, ಆರನೇ ತಂತಿಯನ್ನು ಡಿಗೆ ಇಳಿಸಿ ಜೋರಾಗಿ ಹೊಡೆದರೆ ಮೀಟಿದ ಕ್ಷಣ ಸ್ವರ ಏರಿ ಕೇಳಿಸುತ್ತದೆ. ಮೂರನೇ ತಂತಿ ನಟ್ಟಿನಲ್ಲಿ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಕೊರೆದ ಪಟ್ಟಿ) ಸಿಕ್ಕಿಕೊಂಡು ‘ಟಿಂಕ್’ ಎನ್ನುವುದೂ ಉಂಟು. ಅದಕ್ಕೆ ಪೆನ್ಸಿಲ್ ಸೀಸ ಸವರಿದರೆ ಸಾಕು. ಒಳಗಿನ ವೈರ್ ಬಿಟ್ಟರೆ ಮಾತ್ರ ಆ ದಿನದ ಕೆಲಸ ಹೋಯಿತೆಂದೇ ಲೆಕ್ಕ, ಗುಂಡಿ, ಜ್ಯಾಕ್ ಎಲ್ಲವನ್ನೂ ದಾರ ಕಟ್ಟಿ ಮೈಮೇಲಿನ ಸೀಳಿನಿಂದ ಎಳೆದು ತೆಗೆಯಬೇಕು.

ಟೆಲಿಯಲ್ಲಿ ಕೆಡುವಂಥದ್ದೇ ಕಡಿಮೆ. ಬ್ರಿಡ್ಜು ಮರಕ್ಕೆ ಸ್ಕ್ರೂ ಹೊಡೆದು ಕೂತಿದೆ, ತಂತಿಗಳು ಮೈಯನ್ನೇ ತೂರಿ ಬರುತ್ತವೆ. ಡಿಗೆ ಇಳಿಸಿದರೆ ಉಳಿದವುಗಳಲ್ಲಿ ಸರಿಪಡಿಸುವಂಥದ್ದು ಇಲ್ಲವೆನ್ನುವಷ್ಟು ಕಡಿಮೆ. ಬ್ರಿಡ್ಜಿನ ಪಿಕಪ್ ಚುರುಕು, ಟೋನ್ ಗುಂಡಿಯನ್ನು ಏಳಕ್ಕೆ ಇಳಿಸಿದರೆ ಹದಕ್ಕೆ ಬರುತ್ತದೆ. ಗಿಟಾರ್ ವಾದಕ ಸ್ಟೀವ್ ಕ್ರಾಪರ್ ಟೆಲಿಯಲ್ಲಿ ನುಡಿಸಿದ ರಿದಂ ಕೇಳಿದವರಿಗೆ ಇದು ಮಿಕ್ಸಿನಲ್ಲಿ ಹೇಗೆ ತನ್ನಷ್ಟಕ್ಕೆ ಜಾಗ ಮಾಡಿಕೊಳ್ಳುತ್ತದೆಂದು ವಿವರಿಸಬೇಕಿಲ್ಲ.

ದೋಷಗಳು ಮೂರು. ಹಳೆಯ ಮಾದರಿಯಲ್ಲಿ ಎರಡೆರಡು ತಂತಿಗೆ ಒಂದೇ ಸ್ಯಾಡಲ್, ಒಂದನ್ನು ಸರಿಮಾಡಿದರೆ ಜೊತೆಯದು ತಪ್ಪುತ್ತದೆ. ಓರೆಯಾಗಿ ಕೊರೆದ ಹಿತ್ತಾಳೆ ಸ್ಯಾಡಲ್ ಹಾಕಿಸಿ. ಎರಡನೆಯದು ಗುಂಯ್ ಸದ್ದು: ಕುರ್ಚಿಯಲ್ಲಿ ಕೂತೇ ನಿಧಾನ ತಿರುಗುತ್ತ ಹೋದರೆ ಅದು ತಗ್ಗುವ ಒಂದು ದಿಕ್ಕು ಸಿಗುತ್ತದೆ, ಅತ್ತ ಮುಖ ಮಾಡಿಯೇ ನುಡಿಸಿ. ಸದ್ದು ತಗ್ಗಿದೊಡನೆ ಕತ್ತರಿಸುವ ನಾಯ್ಸ್ ಗೇಟ್ ಹಾಕಿ ರೆಕಾರ್ಡ್ ಮಾಡಬೇಡಿ, ತುಂಡಾದ ಸ್ವರದ ಬಾಲ ಮತ್ತೆ ಬರುವುದಿಲ್ಲ. ಮೂರನೆಯದು ಪಕ್ಕದ ಜ್ಯಾಕಿನ ಬಟ್ಟಲು. ಅದನ್ನು ಹಿಡಿದಿರುವುದು ಮರಕ್ಕೆ ಕಚ್ಚಿದ ಒಂದು ತಗಡಿನ ಕ್ಲಿಪ್ಪು ಮಾತ್ರ. ಅದು ಸಡಿಲಾದರೆ ಕೇಬಲ್ ಜೊತೆ ಜ್ಯಾಕೂ ತಿರುಗಿ, ಒಳಗಿನ ವೈರ್ ತಿರುಚಿ ಕಡಿಯುತ್ತದೆ. ಎರಡು ಸ್ಕ್ರೂ ಹಾಕಿ ಕೂರಿಸುವ ಬಟ್ಟಲು ಸಿಗುತ್ತದೆ, ಮೊದಲ ದಿನವೇ ಬದಲಿಸಿ.

ನಾನು ರಿದಂ ಹೆಚ್ಚು ನುಡಿಸುವವನು, ಅಲುಗಿಸುವ ಕಡ್ಡಿ ಮುಟ್ಟುವವನಲ್ಲ, ರಿಪೇರಿಗೆ ಗಿಟಾರ್ ಬಿಟ್ಟುಬರುವಷ್ಟು ಬಿಡುವಿಲ್ಲ. ಬಜೆಟ್ ಬಿಗಿಯಿದ್ದರೂ ಟೆಲಿಯೇ ವಾಸಿ. ಹಲಗೆ, ಬೋಲ್ಟ್ ಹಾಕಿದ ಕತ್ತು, ಎರಡು ಪಿಕಪ್ ಅಷ್ಟೇ ಇರುವುದರಿಂದ ಅಗ್ಗದ್ದಕ್ಕೂ ದುಬಾರಿಯದಕ್ಕೂ ಅಂತರ ಕಡಿಮೆ, ಅಗ್ಗದ 335ರಲ್ಲಿ ಹಾಗಲ್ಲ. ಉಳಿದ ದುಡ್ಡನ್ನು ಫ್ರೆಟ್ ಸಮ ಮಾಡಿಸಲು, ನಟ್ ಕೆತ್ತಿಸಲು ಹಾಕಿ. ತಂತಿ 10-46 (ತೆಳುವಿನಿಂದ ದಪ್ಪದವರೆಗೆ, ಇಂಚಿನ ಸಾವಿರದ ಲೆಕ್ಕದಲ್ಲಿ), ಸೆಷನ್ನಿನ ಹಿಂದಿನ ದಿನವೇ ಬದಲಿಸಿ ಎಳೆದೆಳೆದು ಪಳಗಿಸಿಡಿ.

ಸೋಲೋ ಕೆಲಸವೇ ಹೆಚ್ಚು ಬರುವವರು 335 ನೋಡಲಿ. ಸ್ಟ್ರಾಟಿನ ನಾದವೇ ಬೇಕೆಂದು ಕೇಳುವ ಗಿರಾಕಿ ಇದ್ದರೆ ಹಾರ್ಡ್‌ಟೇಲ್, ಅಂದರೆ ಬ್ರಿಡ್ಜು ಅಲುಗದ ಸ್ಟ್ರಾಟ್ ಹುಡುಕಿ; ಸ್ಪ್ರಿಂಗೂ ಇಲ್ಲ, ಗುಳಿಯೂ ಇಲ್ಲ.